ಬೂಟಿನ ಲಾಳ

ಸಾಲ್ಕಿನ್ ಎಡಗೈ ಕಳೆದುಕೊಂಡ ಮೇಲೆ ಮೊದಲ ಸಲ ಬೆಟ್ಟಕ್ಕೆ ಬಂದಾಗ ನಾನು ಕ್ಯಾಂಟೀನಿನ ಬಾಗಿಲಲ್ಲಿ ನಿಂತು ಕೈಗೆ ಅಂಟಿದ ಹಿಟ್ಟು ಉಜ್ಜಿಕೊಳ್ಳುತ್ತಿದ್ದೆ. ಅವಳ ಗಂಡ ಕುಬಾತ್ ನಮ್ಮ ಸ್ಕೀ ಕೇಂದ್ರದಲ್ಲಿ ಹಿಮ ಹದಮಾಡುವ ದೊಡ್ಡ ಯಂತ್ರ ಓಡಿಸುತ್ತಾನೆ. ಅವನ ಜೊತೆ ಕೆಳಗಿನ ಕರಾಕೋಲ್ ಪಟ್ಟಣದಿಂದ ಬೆಳಗಿನ ಗಾಡಿಯಲ್ಲಿ ಬಂದಿಳಿದಳು. ಎಡಭುಜವನ್ನು ಒಂದಿಷ್ಟು ಹಿಂದಕ್ಕೆಳೆದುಕೊಂಡು, ಕೋಟಿನ ಖಾಲಿ ತೋಳನ್ನು ಜೇಬಿಗೆ ತುರುಕಿಕೊಂಡು, ಯಾರ ಮುಖವನ್ನೂ ನೋಡದೆ ನೆಟ್ಟಗೆ ರಕ್ಷಣಾ ತಂಡದ ಕೋಣೆಗೆ ನಡೆದಳು.

ಹಿಂದಿನ ಚಳಿಗಾಲದವರೆಗೆ ಅದು ಅವಳದೇ ಕೋಣೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಮೇಲೆ ಹೋಗಿ, ಗಾಳಿಗೆ ಬಿದ್ದ ಕಂಬಗಳನ್ನು ನೆಟ್ಟು, ಹರಿದ ಬಲೆ ಕಟ್ಟಿ, ಇಳಿಜಾರು ಸರಿಯಿದೆ ಎಂದು ರೇಡಿಯೋದಲ್ಲಿ ಹೇಳುವುದು ಅವಳ ಕೆಲಸ. ಸಂಜೆ ಎಲ್ಲರಿಗಿಂತ ಕೊನೆಗೆ ಇಳಿಯುವವಳೂ ಅವಳೇ. ತಂಡದ ಗಂಡಸರೆಲ್ಲ ಸ್ಕೀ ಮೇಲೆ ಓಡಾಡಿದರೆ ಇವಳೊಬ್ಬಳದು ಒಂಟಿ ಹಲಗೆ, ಸ್ನೋಬೋರ್ಡು; ಎರಡೂ ಬೂಟನ್ನು ಪಟ್ಟಿಗಳಿಂದ ಅದಕ್ಕೆ ಬಿಗಿದುಕೊಳ್ಳಬೇಕು. ಶರತ್ಕಾಲದಲ್ಲಿ ಮನೆಯ ಹಸುಗಳಿಗೆ ಜೋಳದ ದಂಟು ಕತ್ತರಿಸುವಾಗ ಮೇವಿನ ಯಂತ್ರ ಅವಳ ಕೈಗವಸನ್ನು ಕಚ್ಚಿ ಎಳೆದುಕೊಂಡಿತು. ಅತ್ತೆ ಜಿಪಾರ್ ಓಡಿಬಂದು ಯಂತ್ರ ನಿಲ್ಲಿಸಿ, ತಲೆವಸ್ತ್ರ ಬಿಚ್ಚಿ ತೋಳಿಗೆ ಬಿಗಿದು ಜೀವ ಉಳಿಸಿದಳು. ಮೊಣಕೈಯಿಂದ ಸ್ವಲ್ಪ ಕೆಳಗೆ ಕೈ ಮುಗಿದುಹೋಗಿತ್ತು.

ತಂಡದ ಮುಖ್ಯಸ್ಥ ಮಾರ್ಲೆನ್ ಅವಳನ್ನು ಕರೆದುಕೊಂಡು ನನ್ನ ಕ್ಯಾಂಟೀನಿಗೇ ಬಂದ. ಕೆಟ್ಟ ಸುದ್ದಿ ಹೇಳುವಾಗ ಅವನಿಗೆ ಚಹಾ ಬೇಕು.

"ಟಿಕೆಟ್ ಕಿಟಕೀಲಿ ಕೂತ್ಕೋ ಸಾಲ್ಕಿನ್. ಬೆಚ್ಚಗಿರುತ್ತೆ," ಎಂದ.

"ನಂಗೆ ಚಳಿ ಆಗ್ತಿದೆ ಅಂತ ಯಾರ್ ಹೇಳಿದ್ರು ಬಾಯ್ಕೆ?"

ಬಾಯ್ಕೆ ಎಂದರೆ ಅಣ್ಣ. ಮರ್ಯಾದೆಯ ಮಾತೇ. ಆದರೆ ಅವಳು ಅದನ್ನು ಹೇಳಿದ ರೀತಿಗೆ ನಾನು ಬೆನ್ನು ತಿರುಗಿಸಿ ಲೋಟ ಜೋಡಿಸತೊಡಗಿದೆ.

"ನೀನು ಕೂತು ಕಾಲಿಗೆ ಪಟ್ಟಿ ಬಿಗ್ಕೊಳ್ಳೋದ್ರೊಳಗೆ ನಾನು ಟೀ ಕುಡಿದು ಲೋಟಾನೂ ತೊಳೆದಿಡ್ತೀನಿ."

"ತೊಳೆದಿಡಿ. ಜುಖ್ರಾ ಎಜೆಗೆ ಒಂದಿನಾದ್ರೂ ಉಪಕಾರ ಆಗ್ಲಿ."

ಜುಖ್ರಾ ನಾನೇ; ಎಜೆ ಎಂದರೆ ಅಕ್ಕ. ಮಾರ್ಲೆನ್ ನಗಲಿಲ್ಲ. "ಬಾ, ತೋರ್ಸು," ಎಂದು ಮೇಲಕ್ಕೆ ಕರೆದೊಯ್ದ. ಅಲ್ಲಿ ನಡೆದದ್ದನ್ನು ಆಮೇಲೆ ಅವಳೇ ನನಗೆ ಹೇಳಿದಳು. ಹದ್ದಿನ ಬೆನ್ನು ಎಂದು ನಾವು ಕರೆಯುವ ಕಡಿದಾದ ಜಾಗದಲ್ಲಿ ಕೂತು, ಮೊದಲ ಪಟ್ಟಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಬಲಗೈಯಲ್ಲಿ ಎಳೆದಳಂತೆ. ಎರಡನೆಯದಕ್ಕೆ ಬಾಗಿದಾಗ ಹಲಗೆ ಜಾರಿತು. ಅದನ್ನು ಮಾರ್ಲೆನ್ ಸ್ಕೀ ಅಡ್ಡ ಇಟ್ಟು ನಿಲ್ಲಿಸಿದ.

"ಇಲ್ಲಿ ಕಂಬ ಕಂಬಕ್ಕೂ ಕಾಲು ಬಿಚ್ಚಬೇಕು, ಕಟ್ಟಬೇಕು," ಎಂದ. "ಕೆಳಗೆ ಒಬ್ಬ ಹಿಮದಲ್ಲಿ ಹೂತಿದ್ದು, ನೀನಿನ್ನೂ ಹಲ್ಲಲ್ಲಿ ಪಟ್ಟಿ ಕಚ್ತಾ ಕೂತಿದ್ರೆ ಅವನ ಮನೆಯೋರಿಗೆ ನಾನೇನ್ ಹೇಳ್ಲಿ?"

ಅವನು ಕೆಟ್ಟವನಲ್ಲ. ಹಿಂದೊಮ್ಮೆ ತಡವಾಗಿ ತಲುಪಿ, ಹಿಮ ಬಗೆದು ಹೆಣ ತೆಗೆದವನು. ಸಾಲ್ಕಿನ್ ಹಲಗೆ ಹೊತ್ತು ಕೆಳಗಿಳಿದಳು. ಟಿಕೆಟ್ ಕಿಟಕಿಯಲ್ಲಿ ಕೂತಳು.

ಕಿಟಕಿಯಲ್ಲಿ ಕೂತವಳ ಕಣ್ಣು ಮಾತ್ರ ಬೆಟ್ಟದ ಮೇಲೇ ಇರುತ್ತಿತ್ತು. ಜನ ಚಿಲ್ಲರೆ ಕೇಳಿದರೆ, "ಆ ಮೂರನೇ ಕಂಬ ಓರೆ ನೆಟ್ಟಿದಾರೆ ನೋಡಿ," ಎನ್ನುತ್ತಿದ್ದಳು. ಅವಳನ್ನು ಹೀಗೆ ನೋಡಿ ಮನೆಯಲ್ಲಿ ಕುಬಾತನಿಗೆ ಊಟ ಸೇರುತ್ತಿರಲಿಲ್ಲ. ಒಂದು ಭಾನುವಾರ ಅವನು ಹಳೆ ಸಾಮಾನಿನ ಸಂತೆಗೆ ಹೋಗಿ ಗೋಣಿಚೀಲವೊಂದನ್ನು ಹೊತ್ತು ತಂದು ಹೆಂಡತಿಯ ಮುಂದೆ ಸುರಿದ. ಜಪಾನಿನಿಂದ ಮೂಟೆಗಟ್ಟಲೆ ಬರುವ ಹಳೆಯ ಮಾಲು. ಒಂದು ಜೊತೆ ಬೂಟು, ಒಂದು ಜೊತೆ ಸ್ಟೆಪ್-ಇನ್ ಬೈಂಡಿಂಗ್, ಅಂದರೆ ಬೂಟನ್ನು ಹಲಗೆಗೆ ಹಿಡಿಸುವ ಕೊಂಡಿ. ಪಟ್ಟಿಯಿಲ್ಲ, ಬಕ್ಕಲ್ ಇಲ್ಲ. ಬೂಟಿನ ಅಡಿಗೆ ಕುದುರೆಯ ಲಾಳದ ಹಾಗೆ ಒಂದು ಉಕ್ಕಿನ ತುಂಡು, ಅದರ ಎರಡು ಬದಿಗೆ ಎರಡು ನಾಲಿಗೆ. ಹಲಗೆಯ ಮೇಲೆ ಆ ನಾಲಿಗೆಗಳನ್ನು ಕಚ್ಚಿಕೊಳ್ಳುವ ಕೊಂಡಿ. ಒಂದು ನಾಲಿಗೆಯನ್ನು ಕೊಂಡಿಗೆ ಸಿಕ್ಕಿಸಿ ಹಿಮ್ಮಡಿ ಒತ್ತಿ ತುಳಿದರೆ ಇನ್ನೊಂದು ಬದಿಯ ಸ್ಪ್ರಿಂಗು ಟಕ್ ಎಂದು ಮುಚ್ಚಿಕೊಳ್ಳುತ್ತದೆ. ಬಿಚ್ಚಲು ಒಂದು ಸಣ್ಣ ಹಿಡಿಯನ್ನು ಮೇಲಕ್ಕೆಳೆದರಾಯಿತು. ಒಂದು ಕೈ ಸಾಕು.

ಸಾಲ್ಕಿನ್ ಅಂಗಳದ ಹಿಮದಲ್ಲಿ ನಿಂತು ತುಳಿದಳು. ಟಕ್. ಮತ್ತೆ ಬಿಚ್ಚಿ ತುಳಿದಳು. ಟಕ್. ಅತ್ತೆ ಜಿಪಾರ್ ಕಿಟಕಿಯಿಂದ ಕೂಗಿದಳು: "ಬಾಗಿಲಿಗೆ ಚಿಲಕ ಹಾಕಿ ತೆಗೆದು ಆಟ ಆಡ್ತಿದೀರೇನ್ರೋ? ಹಸೂಗೆ ಹುಲ್ಲು ಯಾರ್ ಹಾಕ್ತಾರೆ?"

ಮಾರ್ಲೆನ್ ಆ ಕೊಂಡಿಗಳನ್ನು ತಿರುಗಿಸಿ ಮುರುಗಿಸಿ ನೋಡಿದ. ಅವನ್ನು ಮಾಡಿದವರು ಮಾಡುವುದು ನಿಲ್ಲಿಸಿ ಎಷ್ಟೋ ಕಾಲವಾಗಿತ್ತು. ಬಿಡಿಭಾಗ ಲೋಕದಲ್ಲೆಲ್ಲೂ ಸಿಗುವ ಹಾಗಿರಲಿಲ್ಲ. ಕಾಲಿಟ್ಟರೆ ಕಚ್ಚಿಕೊಳ್ಳುವ ಹೊಸ ನಮೂನೆಯವು ಬಂದಿವೆ ನಿಜ. ಆದರೆ ಅವು ವಿದೇಶಿ ಅತಿಥಿಗಳ ಕಾಲಲ್ಲಿ ಬಂದು, ಅವರ ಕಾಲಲ್ಲೇ ವಾಪಸು ಹೋಗುತ್ತವೆ.

"ಮಾರ್ಚಿನ ನೂರೂಜ್ ಹಬ್ಬದವರೆಗೆ ನೋಡೋಣ," ಎಂದ ಮಾರ್ಲೆನ್. "ಒಂದೇ ಮಾತು. ಇದು ಬೆಟ್ಟದ ಮೇಲೆ ಕೈ ಕೊಡಬಾರದು."

"ಕೈ ಕೊಡೋಕೆ ನನ್ಹತ್ರ ಇರೋದೇ ಒಂದು ಬಾಯ್ಕೆ. ಕೊಡಲ್ಲ," ಎಂದಳು ಸಾಲ್ಕಿನ್. ಆ ಸಲ ಮಾರ್ಲೆನ್‌ಗೂ ನಗು ಬಂತು.

ಡಿಸೆಂಬರೆಲ್ಲ ಚೆನ್ನಾಗಿ ನಡೆಯಿತು. ಕಂಬದ ಕಟ್ಟನ್ನು ಬೆನ್ನಿಗೆ ಬಿಗಿದುಕೊಂಡು ಅವಳು ಇಳಿಯುವುದು, ನಿಲ್ಲುವುದು, ಬಲಗಾಲು ಬಿಚ್ಚಿ ಊರಿ ಕಂಬ ನೆಡುವುದು, ಮತ್ತೆ ತುಳಿದು ಮುಂದಕ್ಕೆ ಹೋಗುವುದು ನನ್ನ ಕ್ಯಾಂಟೀನಿನ ಕಿಟಕಿಯಿಂದ ಕಾಣುತ್ತಿತ್ತು. ಲಾಗ್‌ಮನ್ ಎಂಬ ನೂಡಲ್ಸಿಗೆ ಹಿಟ್ಟು ಎಳೆಯುತ್ತಾ ನೋಡುತ್ತಿದ್ದೆ. ಸ್ಕೀಯ ಗಂಡಸರಿಗಿಂತ ಬೇಗ ಮುಗಿಸುತ್ತಿದ್ದಳು.

ಜನವರಿಯಲ್ಲಿ ಕೊಂಡಿ ಸಡಿಲವಾಯಿತು. ಮೊದಲು ಬಲ ಹಿಮ್ಮಡಿಯ ಕೆಳಗೆ ಸಣ್ಣ ಅಲುಗಾಟ. ಆಮೇಲೆ ಟಕ್ ಎನ್ನುವ ಸದ್ದೇ ಮಂಕಾಯಿತು. ಒಂದು ಬೆಳಿಗ್ಗೆ ಹದ್ದಿನ ಬೆನ್ನಿನಲ್ಲಿ, ಗಟ್ಟಿ ಮಂಜಿನ ಮೇಲೆ ತಿರುಗುವಾಗ, ಬಲಗಾಲು ಕೊಂಡಿಯಿಂದ ಕಿತ್ತುಬಂತು. ಎಡಗಾಲು ಮಾತ್ರ ಹಲಗೆಯಲ್ಲಿ ಸಿಕ್ಕಿಕೊಂಡು, ಸಾಲ್ಕಿನ್ ಉರುಳುತ್ತಾ ಫರ್ ಮರಗಳ ಬುಡಕ್ಕೆ ಹೋಗಿ ಬಿದ್ದಳು. ಮೂಳೆ ಮುರಿಯಲಿಲ್ಲ. ಮುಖದ ಒಂದು ಬದಿ ತರಚಿಹೋಯಿತು. ಬೆನ್ನ ಮೇಲಿದ್ದ ಕಂಬಗಳು ಇಳಿಜಾರಿನುದ್ದಕ್ಕೂ ಚೆಲ್ಲಿದವು.

ಮಾರ್ಲೆನ್ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಹಳೇ ಕಬ್ಬಿಣ ಸಾಲ್ಕಿನ್," ಎಂದ ಮೆತ್ತಗೆ. "ತಪ್ಪು ನಿಂದಲ್ಲ. ನಾಳೆಯಿಂದ ಕಿಟಕಿ."

ಅವಳು ನನ್ನ ಬಳಿ ಬಂದು ಬೂಟುಗಳನ್ನು ಊಟದ ಮೇಜಿನ ಮೇಲೆ ತಲೆಕೆಳಗಾಗಿ ಇಟ್ಟಳು.

"ಏಯ್, ಅದು ಅನ್ನ ತಿನ್ನೋ ಮೇಜು!"

"ಒರೆಸಿಕೊಡ್ತೀನಿ ಎಜೆ. ಸುಮ್ನಿರಿ. ಇದನ್ನ ಬೆಳಕಲ್ಲಿ ನೋಡಬೇಕು."

ಹಳೆಯದಾದ್ದರಿಂದ ಕೆಟ್ಟಿತು ಎಂಬುದನ್ನು ಅವಳು ಒಪ್ಪಲು ತಯಾರಿರಲಿಲ್ಲ. "ಡಿಸೆಂಬರಲ್ಲೂ ಹಳೇದೇ ಆಗಿತ್ತಲ್ಲ? ಆಗ ಕಚ್ಚಿಕೊಂಡಿತ್ತು. ಈಗ ಕಚ್ಚಲ್ಲ. ಮಧ್ಯ ಏನೋ ಆಗಿದೆ. ಏನಾಯ್ತು ಅಂತ ಗೊತ್ತಾದ್ರೆ ಆಗದಂಗೆ ನೋಡ್ಕೋಬಹುದು." ಇಷ್ಟೇ ಅವಳ ವಾದ. ಅದನ್ನೇ ಹಿಡಿದು ಕೂತಳು. ಹಗಲೆಲ್ಲ ಟಿಕೆಟ್ ಕೊಟ್ಟು, ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಬೂಟು ಬಿಚ್ಚಿ ನೋಡುವುದು ಶುರುವಾಯಿತು.

ಮೊದಲು ಮಾಡಿದ್ದು ತಪ್ಪು ಕೆಲಸ. ಕುಬಾತನ ಗ್ಯಾರೇಜಿನಿಂದ ಎಂಜಿನ್ ಎಣ್ಣೆ ತಂದು ಕೊಂಡಿಗೂ ಲಾಳಕ್ಕೂ ಧಾರಾಳವಾಗಿ ಸವರಿದಳು. ಒಂದು ದಿನ ಬೆಣ್ಣೆಯ ಹಾಗೆ ನುಣ್ಣಗೆ ಮುಚ್ಚಿಕೊಂಡಿತು. ಮೂರು ದಿನ ಕಳೆಯುವುದರೊಳಗೆ ಕೊಂಡಿಯ ಬಾಯಿತುಂಬ ಕಪ್ಪು ಲೇಪ. ಬೆರಳಿಗೆ ತೆಗೆದುಕೊಂಡು ಉಜ್ಜಿದಳು. ಗರಗರ ಎಂದಿತು.

"ಎಜೆ, ಇದರಲ್ಲಿ ಮರಳಿದೆ. ಬೆಟ್ಟದ ಮೇಲೆ ಮರಳೆಲ್ಲಿಂದ ಬರಬೇಕು?"

ನಾನು ಒಲೆಯ ಬೂದಿಯ ಬಕೆಟ್ ಹಿಡಿದು ಹೊರಗೆ ಹೊರಟಿದ್ದೆ. ಅವಳು ಬಕೆಟ್ ನೋಡಿದಳು. ನಾನೂ ನೋಡಿದೆ. ಗಾಡಿಗಳು ಜಾರಬಾರದು ಎಂದು ನಮ್ಮ ಅಂಗಳಕ್ಕೆ ಮರಳು, ಕಲ್ಲಿದ್ದಲ ಬೂದಿ, ಕಿಟ್ಟ ಎಲ್ಲವನ್ನೂ ಎರಚುತ್ತೇವೆ. ಲಿಫ್ಟಿನಿಂದ ಕ್ಯಾಂಟೀನಿಗೆ, ಕ್ಯಾಂಟೀನಿನಿಂದ ತಂಡದ ಕೋಣೆಗೆ ಅವಳು ದಿನವೂ ಆ ಬೂಟಿನಲ್ಲೇ ಅಂಗಳ ದಾಟುತ್ತಿದ್ದಳು. ಲಾಳ ಅರ್ಧ ಸವೆಯುತ್ತಿದ್ದದ್ದು ಬೆಟ್ಟದಲ್ಲಲ್ಲ, ಅಂಗಳದಲ್ಲಿ. ಉಳಿದರ್ಧ, ಅದೇ ಬೂದಿಯನ್ನು ಕೊಂಡಿಯ ಬಾಯಿಗೆ ಹೊತ್ತುಕೊಂಡು ಹೋಗಿ ಉಕ್ಕಿನಿಂದ ಉಕ್ಕನ್ನು ಅರೆಯುವುದರಿಂದ. ಎಣ್ಣೆ ಹಚ್ಚಿದ ಮೇಲಂತೂ ಬೂದಿಗೆ ಅಂಟು ಸಿಕ್ಕಿತ್ತು.

"ಹಾಗಾದ್ರೆ ಅಂಗಳದ ಮೇಲೆ ಹಾರ್ಕೊಂಡ್ ಹೋಗ್ತೀಯಾ?" ಎಂದೆ.

ಅದಕ್ಕೆ ಉತ್ತರ ಅವತ್ತು ಸಂಜೆ ಮನೆಯಲ್ಲಿ ಸಿಕ್ಕಿತು. ಯೋಚನೆಯಲ್ಲೇ ಮುಳುಗಿ ಅವಳು ಬೂಟು ಬಿಚ್ಚದೆ ಒಳಗೆ ಕಾಲಿಟ್ಟಿದ್ದಳು.

"ಕುದುರೆ ಒಳಗೆ ಬಂತೇನೋ ಅನ್ಕೊಂಡೆ!" ಎಂದು ಜಿಪಾರ್ ಕೂಗಿದಳು. "ಲಾಳ ಹಾಕ್ಕೊಂಡು ನನ್ನ ಕಂಬಳಿ ತುಳೀತಿದೀಯಲ್ಲೇ ಕೆಲಿನ್! ನಿಮ್ಮಮ್ಮ ಇದನ್ನೇ ಕಲ್ಸಿದ್ಳಾ?" ಕೆಲಿನ್ ಎಂದರೆ ಸೊಸೆ. ಹೆಸರು ಹಿಡಿದು ಕರೆಯುವುದು ಆ ಮುದುಕಿಗೆ ಗೊತ್ತಿಲ್ಲ.

"ತಪ್ಪಾಯ್ತು ಎನೆ," ಎಂದಳು ಸಾಲ್ಕಿನ್. ಎನೆ ಎಂದರೆ ಅತ್ತೆ.

ಆದರೆ ಜಿಪಾರ್ ಶುರುಮಾಡಿದರೆ ಅಷ್ಟಕ್ಕೆ ಬಿಡುವವಳಲ್ಲ. ಹೊರಗೆ ಹೋಗುವಾಗ ಬೂಟಿನ ಮೇಲೆ ತೊಟ್ಟು ಬಾಗಿಲ ಬಳಿ ಬಿಡುವ ತನ್ನ ರಬ್ಬರಿನ ಗಲೋಶುಗಳನ್ನು ತೋರಿಸಿ, ಮೆತ್ತನೆಯ ಚರ್ಮದ ಮಾಸಿ ಬೂಟು ತೊಟ್ಟ ಕಾಲನ್ನು ಸೊಸೆಯ ಮೂಗಿನ ತನಕ ಎತ್ತಿದಳು. "ನೋಡು. ಕುಬಾತ್ ಹುಟ್ಟೋಕೆ ಮುಂಚಿನ ಮಾಸಿ ಇದು. ತಳ ನೋಡು, ಮದುವೇಲಿ ಕೊಟ್ಟಂಗೇ ಇದೆ. ಬೀದಿ ತಿಂದಿದ್ದು ಗಲೋಶನ್ನ, ಮಾಸೀನಲ್ಲ. ಮನೇದು ಮನೇಗೆ, ಬೀದೀದು ಬೀದೀಗೆ."

ಸಾಲ್ಕಿನ್ ಆ ಕಾಲನ್ನು ಹಿಡಿದುಕೊಂಡೇ ಇದ್ದಳಂತೆ. "ಬಿಡೇ, ಬೀಳ್ತೀನಿ!" ಎಂದು ಮುದುಕಿ ಕಿರುಚಿದ ಮೇಲೆಯೇ ಬಿಟ್ಟದ್ದು.

ಲಾರಿಯ ಹಳೆಯ ಟ್ಯೂಬು ಬಂತು. ಸ್ನೋಬೋರ್ಡಿನ ಬೂಟಿಗೆ ಗಲೋಶು ಹೊಲಿಯುವ ಕೆಲಸ ಅತ್ತೆ ಸೊಸೆ ಸೇರಿ ಮಾಡಿದರು. ಸಾಲ್ಕಿನ್ ರಬ್ಬರನ್ನು ಮೊಣಕಾಲ ಸಂದಿಯಲ್ಲಿ ಹಿಡಿಯುವುದು, ಜಿಪಾರ್ ದಬ್ಬಳ ಚುಚ್ಚುವುದು.

"ಅಲುಗಾಡಬೇಡ, ಚುಚ್ಚಿಬಿಡ್ತೀನಿ."

"ಚುಚ್ಚಿದ್ರೆ ಕಿಟಕೀಲಿ ಕೂತ್ಕೊಳ್ಳೋಕೆ ಇನ್ನೊಂದು ಕಾರಣ ಆಗುತ್ತೆ ಎನೆ."

"ಬಾಯಿಗೂ ಒಂದು ಗಲೋಶ್ ಹೊಲೀತೀನಿ ತಡಿ."

ಮರುದಿನ ಅವಳು ಆ ಕಪ್ಪು ದೋಣಿಗಳನ್ನು ಕಾಲಿಗೆ ತೊಟ್ಟು ಅಂಗಳ ದಾಟಿದಾಗ ಲಿಫ್ಟಿನ ಹುಡುಗರು ಬಿದ್ದು ಬಿದ್ದು ನಕ್ಕರು. ಬಾತುಕೋಳಿ ಎಂದು ಕೂಗಿದರು. ಅವಳು ತಲೆ ತಿರುಗಿಸಲಿಲ್ಲ. ಹಿಮ ಶುರುವಾಗುವ ಗೆರೆಯಲ್ಲಿ ಗಲೋಶು ಕಳಚಿ, ಚೀಲದಲ್ಲಿಟ್ಟು, ಬಳಿಕ ಹಲಗೆಯ ಮೇಲೆ ನಿಂತಳು.

ಒಂದೊಂದಾಗಿ ಬೇರೆ ಪದ್ಧತಿಗಳೂ ಬಂದವು. ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಕೊರಳಿಗೆ ದಾರದಲ್ಲಿ ನೇತುಹಾಕಿಕೊಂಡಳು. ತುಳಿಯುವ ಮುಂಚೆ ಲಾಳದ ಹಿಮ, ಕೊಂಡಿಯ ಹಿಮ ತಿಕ್ಕಿ ತೆಗೆಯುವುದಕ್ಕೆ. ಒಳಗೆ ಹಿಮ ಗಟ್ಟಿಯಾಗಿ ಕೂತಿದ್ದರೆ ನಾಲಿಗೆ ಪೂರ್ತಿ ಇಳಿಯದೆ ಅರ್ಧಕ್ಕೇ ಕಚ್ಚಿಕೊಳ್ಳುತ್ತದೆ. ಅರ್ಧ ಕಚ್ಚಿದ ಕೊಂಡಿ ಇಡೀ ಭಾರವನ್ನು ತುದಿಯ ಮೇಲೆ ಹೊರುತ್ತದೆ. ಎಣ್ಣೆಯನ್ನು ಸೀಮೆಎಣ್ಣೆಯಿಂದ ತೊಳೆದು, ಒಣಗಿಸಿ, ಅದರ ಬದಲು ಮೇಣದ ಬತ್ತಿ ಉಜ್ಜಿದಳು. ಮೇಣಕ್ಕೆ ಬೂದಿ ಅಂಟುವುದಿಲ್ಲ. ಕೊಂಡಿಯ ಅಂಚಿನಲ್ಲಿ ಎದ್ದಿದ್ದ ಚೂಪನ್ನು ಸಣ್ಣ ಅರದಿಂದ ಮಟ್ಟಮಾಡಿದಳು. ಸಂಜೆ ಬೂಟನ್ನು ಒಲೆಯ ಪಕ್ಕ ಇಡುವುದು ಬಿಟ್ಟು, ಗಾಳಿಯಾಡುವ ಕಡೆ ತೂಗುಹಾಕಿದಳು. ಪ್ರತಿ ಬೆಳಿಗ್ಗೆ ತಿರುಪು ಬಿಗಿದಿದೆಯೇ ಎಂದು ನೋಡಿಕೊಂಡಳು.

ಹೀಗೆ ಫೆಬ್ರವರಿ ಬಂತು. ಬಿಡುವಿನ ಹೊತ್ತಿನಲ್ಲಿ, ಕೆಳಗಿನ ಸುಲಭದ ಇಳಿಜಾರಿನಲ್ಲಿ ಮಾತ್ರ ಅವಳು ಹಲಗೆ ಹತ್ತುತ್ತಿದ್ದಳು. ಮಾರ್ಲೆನ್ ಅಷ್ಟಕ್ಕೆ ಅಡ್ಡ ಬರಲಿಲ್ಲ. ಎಡಗಾಲಿನ ಲಾಳ ಇದ್ದ ಹಾಗೇ ಇತ್ತು. ಬಲಗಾಲಿನದು ಮಾತ್ರ ಇಷ್ಟೆಲ್ಲ ಮಾಡಿದರೂ ಸವೆಯುತ್ತಲೇ ಇತ್ತು, ಅದೂ ಒಂದೇ ನಾಲಿಗೆಯ ಒಂದೇ ಮೂಲೆ, ಇಲಿ ಕಡಿದ ರೊಟ್ಟಿಯ ಹಾಗೆ. ಲಿಫ್ಟಿಗೆ ಹೋಗುವಾಗ, ಕಂಬ ನೆಡುವಾಗ ಬಿಚ್ಚಿ ತುಳಿಯುವುದು ಬಲಗಾಲನ್ನೇ, ಆದ್ದರಿಂದ ಅದು ಹೆಚ್ಚು ಸವೆಯುವುದು ಸಹಜ. ಆದರೆ ಒಂದೇ ಮೂಲೆ ಯಾಕೆ?

"ಕಬ್ಬಿಣದಲ್ಲೇ ಐಬಿರಬೇಕು," ಎಂದ ಕುಬಾತ್.

"ಇರಬೇಕು ಅಂದ್ರೆ ಸಾಲ್ದು," ಎಂದಳು ಸಾಲ್ಕಿನ್. ಆದರೆ ಆ ಸಲ ಅವಳ ದನಿ ಬಿದ್ದುಹೋಗಿತ್ತು.

ಅದೇ ವಾರ ಜಿಪಾರ್ ಮಗನ ಜೊತೆ ಬೆಳಗಿನ ಗಾಡಿಯಲ್ಲಿ ಬೆಟ್ಟಕ್ಕೆ ಬಂದಳು. ಸೊಸೆಯ ಬೂಟಿಗೆ ಉಣ್ಣೆ ತಟ್ಟಿ ಮಾಡಿದ ಒಳತಳ ತಂದಿದ್ದಳು. ಮನೆಯಲ್ಲೇ ಕೊಡಬಹುದಿತ್ತು. ಬೆಟ್ಟ ನೋಡುವ ಆಸೆ ಎಂದು ಬಾಯಿ ಬಿಟ್ಟು ಹೇಳುವವಳಲ್ಲ. ಕ್ಯಾಂಟೀನಿನ ಮುಂದಿನ ಬೆಂಚಿನಲ್ಲಿ ಚಹಾದ ಬಟ್ಟಲು ಹಿಡಿದು ಕೂತು, ಸೊಸೆ ತುಳಿಯುವುದನ್ನು, ಜಾರುವುದನ್ನು, ಲಿಫ್ಟಿಗೆ ಮರಳುವುದನ್ನು, ಮತ್ತೆ ತುಳಿಯುವುದನ್ನು ಬಹಳ ಹೊತ್ತು ನೋಡಿದಳು. ಸಾಲ್ಕಿನ್ ಹತ್ತಿರ ಬಂದಾಗ ಬಟ್ಟಲನ್ನು ಪಕ್ಕಕ್ಕಿಟ್ಟಳು.

"ಯಾರಿಂದ ಬಚ್ಚಿಡ್ತೀಯೇ ಅದನ್ನ?"

"ಏನನ್ನ?"

"ಕೈನ. ತುಳಿಯೋವಾಗೆಲ್ಲ ಎಡಗಡೆ ಭುಜ ಹಿಂದಕ್ಕೆ ಎಳ್ಕೋತೀಯ. ಯಾರೋ ಕದಿಯೋಕೆ ಬಂದಿರೋ ಥರ. ಭುಜ ಆ ಕಡೆ ಹೋದ್ರೆ ಸೊಂಟ ಆ ಕಡೆ. ಸೊಂಟ ಆ ಕಡೆ ಹೋದ್ರೆ ಬಲಗಾಲು ಓರೆ. ಓರೆ ಇಟ್ಟು ತುಳಿದ್ರೆ ಓರೆ ಸವೆಯುತ್ತೆ, ಇನ್ನೇನು? ಕುಂಟೋ ಕುದುರೆ ಲಾಳ ನೋಡಿಲ್ವಾ ನೀನು?"

ಸಾಲ್ಕಿನಳ ಮುಖ ಕೆಂಪಾಯಿತು. ಸುತ್ತ ಜನ ಇದ್ದರು. "ಎನೆ, ಇಲ್ಲಿ ಬೇಡ."

"ಇಲ್ಲೇ ಬೇಕು. ಮನೇಲಿ ನೀನು ನೆಟ್ಟಗೇ ನಿಂತ್ಕೋತೀಯ. ಹಸು ಮುಂದೆ, ನನ್ನ ಮುಂದೆ. ಇಲ್ಲಿ ಬಂದಾಗ್ಲೇ ಹಿಂಗೆ ತಿರುಚ್ಕೊಳ್ಳೋದು."

"ನಿಮಗೇನ್ ಗೊತ್ತು ಎನೆ! ನಿಮಗೆ ಎರಡು ಕೈ ಇದೆ!"

ಜಿಪಾರ್ ಬಾಯಿ ತೆರೆದವಳು ಮುಚ್ಚಿದಳು. ನಾನು ಅವಳನ್ನು ಎಷ್ಟೋ ವರ್ಷಗಳಿಂದ ಬಲ್ಲೆ. ಅವಳು ಮಾತಿಗೆ ತಡವರಿಸಿದ್ದನ್ನು ಅವತ್ತೇ ಮೊದಲು ಕಂಡದ್ದು.

"ಇದೆ," ಎಂದಳು ಕೊನೆಗೆ, ಮೆಲ್ಲಗೆ. "ಆ ಎರಡರಲ್ಲೇ ನಿನ್ನ ತೋಳು ಕಟ್ಟಿದ್ದು. ನಂಗೆ ಅದರಲ್ಲಿ ನಾಚಿಕೆಯಾಗೋಂಥದ್ದು ಏನೂ ಕಾಣ್ಲಿಲ್ಲ ಮಗಳೇ."

ಸಾಲ್ಕಿನ್ ಹಲಗೆ ಎತ್ತಿಕೊಂಡು ಹೊರಟುಹೋದಳು. ಗಲೋಶು ಹಾಕಿಕೊಳ್ಳುವುದನ್ನೂ ಮರೆತು ಬೂದಿಯ ಮೇಲೇ ನಡೆದಳು. ಮುದುಕಿ ತಣ್ಣಗಾದ ಚಹಾವನ್ನು ಪೂರ್ತಿ ಕುಡಿದು, "ಹೆಚ್ಚು ಮಾತಾಡಿದ್ನೇನೋ," ಎಂದು ನನ್ನನ್ನು ಕೇಳಿದಳು. ನಾನು ಇನ್ನೊಂದು ಬಟ್ಟಲು ಬಗ್ಗಿಸಿದೆ.

ಆಮೇಲೆ ಸಾಲ್ಕಿನ್ ನನಗೆ ಹೇಳಿದ್ದು ಇಷ್ಟು. ಆ ಮಧ್ಯಾಹ್ನ ತಂಡದ ಕೋಣೆಯ ಕನ್ನಡಿಯ ಮುಂದೆ ನಿಂತು, ಯಾರೂ ಇಲ್ಲದಿದ್ದರೂ, ತಾನು ಪಕ್ಕಕ್ಕೆ ತಿರುಗಿ ನಿಂತಿರುವುದನ್ನು ನೋಡಿಕೊಂಡಳಂತೆ. ನೆಟ್ಟಗಾಗಲು ಯತ್ನಿಸಿದಳು. ಮೈ ತಾನಾಗಿ ಮತ್ತೆ ತಿರುಗಿತು. ಮೊದಲು ಅಳು ಬಂತು. ಆಮೇಲೆ ಸಿಟ್ಟು ಬಂತು, ಅತ್ತೆಯ ಮೇಲಲ್ಲ. ಇಷ್ಟು ದಿನ ಕಬ್ಬಿಣವನ್ನು ಹುರಿದು ಮುಕ್ಕಿದೆ, ಐಬು ನಿಂತ ಭಂಗಿಯಲ್ಲಿತ್ತಲ್ಲ ಎಂದು.

ಮರುದಿನ ಅವಳ ಕೋಟಿನ ಎಡತೋಳು ಮೊಣಕೈ ಹತ್ತಿರಕ್ಕೆ ಮೊಟಕಾಗಿ ಹೊಲಿಗೆ ಬಿದ್ದಿತ್ತು. ಜೇಬಿಗೆ ತುರುಕಲು ತೋಳೇ ಇರಲಿಲ್ಲ. ಮೊಟಕು ಕೈಗೆ ಕೆಂಪು ಉಣ್ಣೆಯ ಟೊಪ್ಪಿಗೆ ಹಾಕಿತ್ತು. ಅದರ ಹೆಣಿಗೆ ಜಿಪಾರಳದೆಂದು ನೋಡಿದ ಕೂಡಲೇ ಗೊತ್ತಾಯಿತು. ಅತ್ತೆ ಸೊಸೆ ರಾತ್ರಿ ಏನು ಮಾತಾಡಿಕೊಂಡರೋ, ನಾನು ಕೇಳಲಿಲ್ಲ.

ಮಧ್ಯಾಹ್ನ ಜನ ಗಿಜಿಗುಡುವ ಹೊತ್ತಿನಲ್ಲಿ, ಎಲ್ಲರ ಕಣ್ಣಿಗೂ ಬೀಳುವ ಹಾಗೆ ಲಿಫ್ಟಿನ ಎದುರಿನ ಸಮತಟ್ಟು ಹಿಮದಲ್ಲಿ ಹಲಗೆ ಇಟ್ಟಳು. ಎರಡೂ ತೋಳನ್ನು ಅಗಲಕ್ಕೆ ಚಾಚಿದಳು, ಒಂದು ಉದ್ದ, ಒಂದು ಮೊಟಕು. ಎದೆ ಮುಂದಕ್ಕೆ. ಬಲಗಾಲನ್ನು ಹಲಗೆಗೆ ಸರಿಯಾಗಿ ಹೊಂದಿಸಿ, ನೇರವಾಗಿ ಮೇಲಿಂದ ತುಳಿದಳು. ತುಳಿದು, ಪಕ್ಕಕ್ಕೆ ವಾಲಿ ಬಿದ್ದಳು. ಎಷ್ಟೋ ತಿಂಗಳು ಓರೆಯಾಗಿ ತೂಕ ಹಿಡಿದ ಮೈಗೆ ನೇರವೇ ವಕ್ರವಾಗಿತ್ತು. ಎದ್ದು ಮತ್ತೆ ತುಳಿದಳು, ಮತ್ತೆ ಬಿದ್ದಳು. ರಾಜಧಾನಿ ಬಿಷ್ಕೆಕಿನಿಂದ ಬಂದಿದ್ದ ಯಾರೋ ಹೆಂಗಸು, "ಪಾಪ," ಎಂದಳು. "ಪಾಪ ಗೀಪ ಏನಿಲ್ಲಕ್ಕ, ಸ್ವಲ್ಪ ಆ ಕಡೆ ಜರುಗಿ. ನಿಮ್ಮ ಮೇಲೆ ಬಿದ್ದೇನು," ಎಂದಳು ಸಾಲ್ಕಿನ್.

ದಿನವೂ ಅದೇ. ಲಿಫ್ಟಿನ ಹುಡುಗರು ಮೊದಲು ನೋಡುತ್ತಿದ್ದರು, ಆಮೇಲೆ ನೋಡುವುದು ಬಿಟ್ಟರು. ಒಂದು ಹಂತದಲ್ಲಿ ಬೀಳುವುದೂ ನಿಂತಿತು. ಟಕ್ ಎನ್ನುವ ಸದ್ದು ಮತ್ತೆ ಗಟ್ಟಿಯಾಗಿ ನನ್ನ ಅಡುಗೆಮನೆಯ ತನಕ ಕೇಳತೊಡಗಿತು. ಎರಡೂ ಲಾಳ ಒಂದೇ ಅಳತೆಯವು, ಎಡ ಬಲ ಎಂಬ ಭೇದವಿಲ್ಲ. ಅವನ್ನು ಬಿಚ್ಚಿ ಅದಲು ಬದಲು ಮಾಡಿದಳು. ಸವೆದದ್ದು ಅಪರೂಪಕ್ಕೆ ಬಿಚ್ಚುವ ಎಡಗಾಲಿಗೆ, ತಿಂದುಹೋದ ಮೂಲೆ ಭಾರ ಬೀಳದ ಕಡೆಗೆ. ಗಟ್ಟಿಯಿದ್ದದ್ದು ದುಡಿಯುವ ಬಲಗಾಲಿಗೆ.

"ಮಾರ್ಲೆನ್‌ಗೆ ತೋರ್ಸಿ ಕೇಳು ಹೋಗು," ಎಂದೆ ನಾನು.

"ಕೇಳಲ್ಲ ಎಜೆ. ಕೇಳಿದ್ರೆ ಯೋಚನೆ ಮಾಡ್ತೀನಿ ಅಂತಾರೆ. ಅವರಿಗೆ ನಾನು ಬೇಕಾಗೋವರೆಗೂ ತುಳೀತಾನೇ ಇರ್ತೀನಿ."

ಮಾರ್ಚಿನ ಮೊದಲಲ್ಲಿ ಕರಾಕೋಲ್ ಬಳಿಯ ಸರೋವರದ ಸುತ್ತಲಿನ ಶಾಲೆಗಳ ಮಕ್ಕಳಿಗೆ ಪಂದ್ಯವಿತ್ತು. ಹಿಂದಿನ ರಾತ್ರಿ ಎದ್ದ ಗಾಳಿ ಹದ್ದಿನ ಬೆನ್ನಿನ ಬಲೆಯನ್ನೆಲ್ಲ ಕಿತ್ತುಹಾಕಿತ್ತು, ಕಂಬಗಳು ಅಡ್ಡಾದಿಡ್ಡಿ ಮಲಗಿದ್ದವು. ತಂಡದಲ್ಲಿ ಅರ್ಧ ಜನ ಜ್ವರ ಬಂದು ಮನೆಯಲ್ಲಿದ್ದರು. ಬೆಳಗಾಗುತ್ತಲೇ ಮಕ್ಕಳ ಬಸ್ಸುಗಳು ಕೆಳಗೆ ಬಂದು ನಿಂತವು. ಮಾರ್ಲೆನ್ ಟಿಕೆಟ್ ಕಿಟಕಿಗೆ ಬಂದು ನಿಂತದ್ದನ್ನು ನಾನು ನೋಡಿದೆ.

"ಕೊಂಡಿ ಹೇಗಿದೆ?"

"ಕಚ್ಚುತ್ತೆ."

"ಕಚ್ಚುತ್ತೆ ಅಂತ ನೀನು ಹೇಳೋದಾ, ಅದೇ ಹೇಳೋದಾ?"

"ಬನ್ನಿ, ಅದರ ಬಾಯಿಂದಲೇ ಕೇಳಿ."

ಅವಳು ಕಿಟಕಿಗೆ 'ಮುಚ್ಚಿದೆ' ಎಂಬ ಫಲಕ ತೂಗುಹಾಕಿ ಹೊರಗೆ ಬಂದಳು. ಗಲೋಶು ತೊಟ್ಟು ಅಂಗಳ ದಾಟಿದಳು. ಬ್ರಷ್ಷಿನಿಂದ ಲಾಳ ತಿಕ್ಕಿ, ಎದೆ ಮುಂದೆ ಮಾಡಿ ತುಳಿದಳು. ಮಾರ್ಲೆನ್ ಬಾಗಿ ಅವಳ ಬೂಟನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಿಸಿದ. ಹಲಗೆಯೇ ಅಲುಗಿತು, ಬೂಟು ಅಲುಗಲಿಲ್ಲ. ಅವನು ಕಂಬದ ಕಟ್ಟನ್ನು ಅವಳ ಬೆನ್ನಿಗೆ ಬಿಗಿದ.

ಗಾಳಿ ಪೂರ್ತಿ ನಿಂತಿರಲಿಲ್ಲ. ಮೇಲೆ ಹಿಮದ ಪುಡಿ ಹೊಗೆಯ ಹಾಗೆ ಏಳುತ್ತಿತ್ತು. ಅದರೊಳಗೆ ಅವಳು ಮರೆಯಾಗುವುದು, ಮತ್ತೆ ಸ್ವಲ್ಪ ಕೆಳಗೆ ಕಾಣುವುದು, ಬಗ್ಗುವುದು, ಕಂಬ ಏಳುವುದು. ನಾನು ಮಕ್ಕಳಿಗೆ ಗಂಜಿ ಬಡಿಸುತ್ತಾ ಕಿಟಕಿ ಬಿಟ್ಟು ಕದಲಲಿಲ್ಲ. ಪ್ರತಿ ಕಂಬಕ್ಕೂ ಕೆಂಪು ಟೊಪ್ಪಿಗೆಯ ಮೊಟಕು ಕೈ ಪಕ್ಕಕ್ಕೆ ಚಾಚಿಕೊಳ್ಳುತ್ತಿತ್ತು. ಒಮ್ಮೆ ಬಹಳ ಹೊತ್ತು ಒಂದೇ ಕಡೆ ನಿಂತಳು. ಕೊಂಡಿ ಕಚ್ಚಲಿಲ್ಲವೇನೋ ಎಂದುಕೊಂಡೆ. ಆಮೇಲೆ ತಿಳಿಯಿತು, ಕೊಂಡಿಯೊಳಗೆ ಗಾಳಿ ತುಂಬಿದ ಹಿಮಪುಡಿಯನ್ನು ಅವಳು ಅವಸರ ಮಾಡದೆ ಕೂತು ತಿಕ್ಕುತ್ತಿದ್ದಳಂತೆ. ಮೇಲಿನಿಂದ ಮಾರ್ಲೆನ್ ರೇಡಿಯೋದಲ್ಲಿ, "ಬೇಗ, ಬೇಗ," ಎಂದನಂತೆ. "ಬೇಗ ಆಗ್ಬೇಕಂತಲೇ ನಿಧಾನ ಮಾಡ್ತಿದೀನಿ," ಎಂದಳಂತೆ ಇವಳು.

ಬಲೆ ಕಟ್ಟಿ ಮುಗಿಯಿತು. ಪಂದ್ಯ ಸ್ವಲ್ಪ ತಡವಾಗಿ ಶುರುವಾಯಿತು, ಅಷ್ಟೇ. ಮಕ್ಕಳಲ್ಲೊಬ್ಬಳು ಮೂರನೇ ತಿರುವಿನಲ್ಲಿ ಹಿಡಿತ ತಪ್ಪಿ ಬಲೆಗೆ ಬಿದ್ದು, ನಗುತ್ತಾ ಎದ್ದಳು. ಕಂಬ ಅಲುಗಲಿಲ್ಲ.

ಮಧ್ಯಾಹ್ನ ಮಾರ್ಲೆನ್ ಕ್ಯಾಂಟೀನಿಗೆ ಬಂದು ಅವಳ ಎದುರು ಕೂತ. "ಬಲಗಾಲಿನ ಬೂಟು ಕೊಡು," ಎಂದ. ತಿರುಗಿಸಿ ಲಾಳದ ನಾಲಿಗೆಗಳ ಮೇಲೆ ಹೆಬ್ಬೆರಳು ಆಡಿಸಿದ. ಮೂಲೆಗಳೆಲ್ಲ ನೆಟ್ಟಗಿದ್ದವು.

"ಇದು ಎಷ್ಟು ದಿನ ಬರುತ್ತೆ ಅನ್ಸುತ್ತೆ?"

"ಗೊತ್ತಿಲ್ಲ ಬಾಯ್ಕೆ. ಕೆಡೋಕೆ ಮುಂಚೆ ಹೇಳ್ತೀನಿ. ಅಷ್ಟು ಮಾತ್ರ ಗೊತ್ತು."

ಅವನು ತಲೆದೂಗಿದ. "ಅಷ್ಟು ಗೊತ್ತಿರೋರು ನನ್ನ ತಂಡದಲ್ಲಿ ಕಡಿಮೆ. ನಾಳೆ ಬೆಳಿಗ್ಗೆ ಮೊದಲ ಲಿಫ್ಟಿಗೆ ಬಾ." ಆಮೇಲೆ ನನ್ನ ಕಡೆ ತಿರುಗಿ, "ಜುಖ್ರಾ, ಆ ಬೂದೀನ ಇನ್ಮೇಲೆ ಗಾಡಿ ನಿಲ್ಸೋ ಕಡೆ ಮಾತ್ರ ಹಾಕು," ಎಂದ.

"ಮೊದ್ಲು ನಿನ್ನ ಹುಡುಗರು ನನ್ನ ಮೆಟ್ಟಿಲಿಂದ ಹಿಮ ತೆಗೀಲಿ," ಎಂದೆ.

ಆ ಕೊಂಡಿಗಳು ಆ ಚಳಿಗಾಲ ಪೂರ್ತಿ ಬಂದವು, ಮುಂದಿನದಕ್ಕೂ ಬಂದವು. ಅದರಾಚೆಯ ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಬಲಗಡೆಯ ಸ್ಪ್ರಿಂಗಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡು, ಸಾಲ್ಕಿನ್ ತಾನಾಗಿಯೇ ಹೋಗಿ ಮಾರ್ಲೆನ್ ಮುಂದೆ ಇಟ್ಟಳು. ಬ್ರಷ್ಷಿಗೂ ಮೇಣಕ್ಕೂ ಬಗ್ಗದ ರೋಗವೂ ಇರುತ್ತದೆ. ಸ್ಕೀ ಕೇಂದ್ರದವರು ಅಷ್ಟರಲ್ಲಿ ಅವಳಿಗಾಗಿ ಹೊಸ ನಮೂನೆಯ ಜೊತೆಯೊಂದನ್ನು ತರಿಸಿಟ್ಟಿದ್ದರು. ಹಳೆಯದನ್ನು ಬಿಚ್ಚಿ ಹೊಸದನ್ನು ಕೂರಿಸುವಾಗ ಅವಳು ಅತ್ತಳು ಎಂದು ಕುಬಾತ್ ಹೇಳುತ್ತಾನೆ. ಕಣ್ಣಿಗೆ ಕಬ್ಬಿಣದ ಪುಡಿ ಬಿತ್ತು ಎಂದು ಅವಳು ಹೇಳುತ್ತಾಳೆ.

ಈಗಲೂ ಬೆಳಿಗ್ಗೆ ನಾನು ಒಲೆ ಹೊತ್ತಿಸುವ ಹೊತ್ತಿಗೆ ರೇಡಿಯೋ ಗೊರಗುಟ್ಟುತ್ತದೆ. "ಮೇಲಿನ ತಿರುವಲ್ಲಿ ಕಂಬ ಬಿದ್ದಿದೆ, ಯಾರು ಹೋಗ್ತೀರಿ?" ಎಂದು ಮಾರ್ಲೆನ್ ಕೇಳುತ್ತಾನೆ.

"ಅದು ಎದ್ದು ಆಗ್ಲೇ ಬಹಳ ಹೊತ್ತಾಯ್ತು ಬಾಯ್ಕೆ," ಎನ್ನುತ್ತಾಳೆ ಸಾಲ್ಕಿನ್. "ನೀವಿನ್ನೂ ಹಾಸಿಗೇಲಿದೀರೇನು?"